ಬಾಯಿ ತೆರೆದು ಕಿವಿಗೆ ಸೂಜಿ

ಜೂನ್ 3, 2025, ಮಂಗಳವಾರ. ಕುಂದಾಪುರ

ಪತ್ತನಾಜೆ ಕಳೆಯಿತು. ಯಕ್ಷಗಾನ ಮೇಳಗಳೆಲ್ಲ ಗೆಜ್ಜೆ ಬಿಚ್ಚಿವೆ. ನನ್ನ ಕಿವಿಯೊಳಗಿನ ಮೇಳದ ತಿರುಗಾಟ ಮಾತ್ರ ಮುಗಿಯುವ ಲಕ್ಷಣವಿಲ್ಲ. ಎರಡೂ ಕಿವಿಯಲ್ಲಿದೆ, ಎಡಕ್ಕೆ ಹೆಚ್ಚು. ಒಂದೇ ಶ್ರುತಿ, ಕೀ ಎಂದು, ತಾಳವಿಲ್ಲ, ಮುಕ್ತಾಯವಿಲ್ಲ.

ಮಣಿಪಾಲದಲ್ಲಿ ಕಿವಿಯ ಡಾಕ್ಟರು ಆಡಿಯೋಗ್ರಾಮ್ ತೋರಿಸಿದರು. 4000 ಹರ್ಟ್ಸ್ ಬಳಿ ಗೆರೆ ದಡಕ್ಕನೆ ಕೆಳಗಿಳಿದು, 8000ದ ಹತ್ತಿರ ಸ್ವಲ್ಪ ಮೇಲೆದ್ದಿದೆ. “ಕಾರ್ಖಾನೆ ಕೆಲಸವಾ?” ಎಂದರು. “ಅಲ್ಲ, ಹೈಸ್ಕೂಲು ಮಾಷ್ಟ್ರು. ರಾತ್ರಿ ಚೆಂಡೆ” ಎಂದೆ. ಅವರು ನಗಲಿಲ್ಲ. 85 ಡೆಸಿಬೆಲ್ಲಿನ ಸದ್ದನ್ನು ಕಿವಿ ದಿನಕ್ಕೆ ಎಂಟು ಗಂಟೆ ತಾಳೀತು, 100 ಆದರೆ ಕಾಲು ಗಂಟೆಯೇ ಹೆಚ್ಚು, ಎಂದು ಲೆಕ್ಕ ಹೇಳಿದರು. ಏರುಪದ್ಯದ ಯುದ್ಧ ಕಾಲು ಗಂಟೆಗೆ ಮುಗಿಯುತ್ತದೆಯೇ! ಒಂದು ಕಿವಿಯಲ್ಲಿ ಸುಮಾರು 15,000 ಕೂದಲ ಕೋಶಗಳಂತೆ; ಸತ್ತವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆ ಭಾಗದಿಂದ ಸುದ್ದಿ ಬರುವುದು ಕಡಿಮೆಯಾದಾಗ ಮಿದುಳು ತನ್ನ ದನಿ ತಾನೇ ಏರಿಸಿಕೊಳ್ಳುತ್ತದೆ, ಅದೇ ಈ ಸದ್ದು ಎಂದರು. ಮದ್ದು? “ಅಭ್ಯಾಸ ಆಗುತ್ತದೆ. ಬೇಕಾದರೆ ಶ್ರವಣ ಯಂತ್ರ ಹಾಕಿ ನೋಡುವ.”

ಜೂನ್ 5, ಗುರುವಾರ

ಸುದ್ದಿ ಕೇರಿಗೆಲ್ಲ ಹೋಗಿದೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಬಿಲ್ವತೈಲ, ಅಣ್ಣಪ್ಪನಿಗೆ ಹರಕೆ. ಸುಶ್ರುತನೇ ಕರ್ಣನಾದವನ್ನು ಕಿವಿಯ ರೋಗಗಳಲ್ಲಿ ಎಣಿಸಿದ್ದಾನೆ ಎಂದು ಪಂಡಿತರು ಹೇಳಿಹೋದರು. ಅಂದರೆ ಕಾಯಿಲೆ ಹಳೆಯದು ಎಂಬ ಸಮಾಧಾನ.

ಬೆಂಗಳೂರಿನಿಂದ ಮಗಳು ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿ 2014ರಲ್ಲಿ ಮಾಡಿದ ಮಾರ್ಗಸೂಚಿ ಕಳಿಸಿದ್ದಾಳೆ. ಗಿಂಕೋ, ಸತು, ಮೆಲಟೋನಿನ್ ಗುಳಿಗೆಗಳನ್ನು ಕೊಡಬೇಡಿ ಎಂದು ಅದರಲ್ಲಿ ಖಡಾಖಂಡಿತವಾಗಿದೆ. ಅಕ್ಯುಪಂಕ್ಚರಿಗೆ ಬಂದಾಗ ಕೊಡಿ ಎಂದೂ ಇಲ್ಲ, ಬೇಡ ಎಂದೂ ಇಲ್ಲ. ನನಗೆ ಅಷ್ಟೇ ಸಂದು ಸಾಕಿತ್ತು. “ಸೂಜಿ ಅಂದ್ರೆ ಓಡುವವರು ನೀವು” ಎಂದಳು ಹೆಂಡತಿ.

ಜೂನ್ 12, ಗುರುವಾರ. ಉಡುಪಿ

ಸೂಜಿಯ ಡಾಕ್ಟರು ಸಣ್ಣ ಪ್ರಾಯದ ಹೆಣ್ಣುಮಗಳು, ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ಓದಿದವಳು. ನಾಡಿ ನೋಡಿ, ನಾಲಗೆ ನೋಡಿ, “ಚೀನಾದ ವೈದ್ಯದಲ್ಲಿ ಮೂತ್ರಪಿಂಡದ ಬಾಗಿಲು ಕಿವಿ, ಮಾಷ್ಟ್ರೇ” ಎಂದಳು. ನಾನು ವಿಜ್ಞಾನ ಪಾಠ ಮಾಡಿದವನು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

“ಬಾಯಿ ತೆರೆಯಿರಿ” ಎಂದಾಗ ಆಶ್ಚರ್ಯವಾಯಿತು. ಸೂಜಿ ಕಿವಿಗೆ, ಬಾಯಿ ಯಾಕೆ? ದವಡೆ ಇಳಿದಾಗ ಕಿವಿಯ ಮುಂದೆ ಒಂದು ಗುಳಿ ಬೀಳುತ್ತದೆ. ಕೈಯಿಟ್ಟು ನೋಡಿದರೆ ತಿಳಿಯುತ್ತದೆ. ಅಲ್ಲಿ ಮೇಲಿಂದ ಕೆಳಗೆ ಮೂರು ಬಿಂದು: ಅರ್‌ಮೆನ್, ಥಿಂಗ್‌ಗೊಂಗ್, ಥಿಂಗ್‌ಹುಯಿ. ಕಿವಿಯ ಹಾಲೆಯ ಹಿಂದೆ ಯಿಫೆಂಗ್. ಮತ್ತೆ ಕೈಯ ಮೇಲೊಂದು, ಪಾದದ ಗಂಟಿನ ಬಳಿ ಒಂದು, ಕತ್ತಿನ ಹಿಂದೆ ಎರಡು. ಇಂಜೆಕ್ಷನ್ನಿನ ಸೂಜಿಗಿಂತ ತೀರಾ ಸಪೂರ. ಚುಚ್ಚಿದ್ದಕ್ಕಿಂತ ಆಮೇಲೆ ತಿರುವಿದಾಗ ಬಂದ ಭಾರ, ಜೋಮು ಹೆಚ್ಚು. ಅದು ಬರಬೇಕಂತೆ, ಅದಕ್ಕೆ ‘ದ ಚಿ’ ಅನ್ನುತ್ತಾರಂತೆ. ಹಾಗೇ ಮಲಗಿ ನಿದ್ದೆಹೋದೆ. ಎದ್ದಾಗ ಸದ್ದು ಇತ್ತು. ಆದರೆ ಶ್ರುತಿ ಕೊಂಚ ಇಳಿದಂತಿತ್ತು. ಬಸ್ಸು ಬ್ರಹ್ಮಾವರ ದಾಟುವಾಗ ಮತ್ತೆ ಏರಿತು.

ಜೂನ್ 15, ಭಾನುವಾರ

ರಾತ್ರಿ ಹಲ್ಲು ಕಚ್ಚಿದೆ, ಸುಮ್ಮನೆ. ಸದ್ದು ಏರಿತು. ಬಿಟ್ಟೆ, ಇಳಿಯಿತು. ಮತ್ತೆ ಕಚ್ಚಿದೆ. ಕತ್ತನ್ನು ಒಂದು ಪಕ್ಕಕ್ಕೆ ಒತ್ತಿ ನೋಡಿದೆ, ಅದಕ್ಕೂ ಜಗ್ಗುತ್ತದೆ! ಇಷ್ಟು ದಿನ ಇದು ನನ್ನ ಮಾತು ಕೇಳದ ಸದ್ದು ಎಂದುಕೊಂಡಿದ್ದೆ.

ಮಗಳಿಗೆ ಫೋನು ಮಾಡಿದೆ. ಅವಳಿಗೆ ಗೊತ್ತಿತ್ತು. ಕಿವಿಯ ನರ ಮಿದುಳಿಗೆ ಸೇರುವ ಮೊದಲ ತಾಣದಲ್ಲಿಯೇ, ಕಾಕ್ಲಿಯರ್ ನ್ಯೂಕ್ಲಿಯಸ್ಸಿನಲ್ಲಿ, ಮುಖ-ದವಡೆಯ ನರದ ಮತ್ತು ಕತ್ತಿನ ನರಗಳ ಸುದ್ದಿಯೂ ಬಂದು ಕೂಡುತ್ತದಂತೆ. ಮಿಷಿಗನ್ ವಿಶ್ವವಿದ್ಯಾಲಯದ ಸೂಸನ್ ಶೋರ್ ವರ್ಷಗಟ್ಟಲೆ ಇದರ ಮೇಲೆಯೇ ಕೆಲಸ ಮಾಡಿದ್ದಾರೆ. ಹಾಗಾದರೆ ದವಡೆಯ ಗುಳಿಗೆ ಚುಚ್ಚಿದ ಸೂಜಿಯಿಂದ ಶ್ರುತಿ ಇಳಿದದ್ದಕ್ಕೆ ಮೂತ್ರಪಿಂಡದ ಬಾಗಿಲು ಬೇಕಿಲ್ಲ. ಆದರೆ ಹಲ್ಲು ಕಚ್ಚಿದರೂ ಬದಲಾಗುವಂಥದ್ದು ಸೂಜಿಯಿಂದ ಕ್ಷಣಕಾಲ ಬದಲಾದರೆ, ಅದನ್ನು ಗುಣ ಎನ್ನಬಹುದೇ?

ಜೂನ್ 28, ಶನಿವಾರ

ಮಳೆ. ಹೊರಗೆ ಹೋಗುವ ಹಾಗಿಲ್ಲ, ಮಗಳು ಕಳಿಸಿದ ಲೇಖನಗಳೊಂದಿಗೆ ಕೂತೆ.

ಎಡ್ಜಾರ್ಡ್ ಅರ್ನ್ಸ್ಟ್ ಮತ್ತು ಸಂಗಡಿಗರು 2000ದಲ್ಲಿ ಇದೇ ಕಾಯಿಲೆಗೆ ಸೂಜಿ ಹಾಕಿದ ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ್ದಾರೆ. ನಿಯಮದಂತೆ ನಡೆದವು ಸಿಕ್ಕಿದ್ದು ಆರು. ರೋಗಿಗೆ ಯಾವ ಚಿಕಿತ್ಸೆ ಎಂದು ಗೊತ್ತಿದ್ದ ಎರಡರಲ್ಲಿ ಸೂಜಿ ಗೆದ್ದಿದೆ. ಗೊತ್ತಾಗದಂತೆ ನಡೆಸಿದ ನಾಲ್ಕರಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ವೈದ್ಯರ ಜಗಳವೆಲ್ಲ ಇಲ್ಲಿಯೇ ಇದೆ. ಗುಳಿಗೆಗೆ ಸಕ್ಕರೆ ಗುಳಿಗೆ ಇಡಬಹುದು, ಸೂಜಿಗೆ ಏನು ಇಡುವುದು? ಜರ್ಮನಿಯ ಸ್ಟ್ರೈಟ್‌ಬರ್ಗರ್ 1998ರಲ್ಲಿ ಹುಸಿ ಸೂಜಿ ತಂದರು: ಮೊನೆ ಮೊಂಡು, ಒತ್ತಿದರೆ ಹಿಡಿಯ ಒಳಗೇ ಜಾರುತ್ತದೆ, ಚರ್ಮಕ್ಕೆ ಚುಚ್ಚಿದಂತೆಯೇ ಅನ್ನಿಸುತ್ತದೆ. ನಮ್ಮ ವೇಷಧಾರಿಗಳ ಕತ್ತಿ ಯುದ್ಧ ನೋಡಿದವನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಹುಸಿ ಸೂಜಿಯೂ ಚರ್ಮವನ್ನು ಮುಟ್ಟುತ್ತದಲ್ಲ! ಮುಟ್ಟಿದ್ದಕ್ಕೇ ದವಡೆಯ ನರ ಎಚ್ಚರಾದರೆ ಅದನ್ನು ಹುಸಿ ಎನ್ನುವುದು ಹೇಗೆ? ಮಗಳು, “ಅಪ್ಪ, ಸೂಜಿಯ ಪರ ವಕಾಲತ್ತು ಬೇಡ” ಎಂದಳು. ವಕಾಲತ್ತಲ್ಲ, ಈ ಸದ್ದನ್ನು ಅಳೆಯುವ ಕೋಲು ಯಾರಲ್ಲೂ ಇಲ್ಲ, ನಾನು ಹೇಳಿದ್ದೇ ಅಳತೆ. ಆ ಅಳತೆಗಾರನಿಗೆ ಮೆತ್ತಗೆ ಮಾತಾಡಿ, ಮಲಗಿಸಿ, ದೀಪ ಸಣ್ಣದು ಮಾಡಿದರೆ ಅಂಕ ಇಳಿಯುವುದೇ.

ಜುಲೈ 9, ಬುಧವಾರ

ನಿದ್ದೆ ಚೆನ್ನಾಗಿದೆ. ಕತ್ತಿನ ಬಿಗಿ ಸಡಿಲಾಗಿದೆ, ಇದು ಖಂಡಿತ. ಸದ್ದು ಹತ್ತರಲ್ಲಿ ಎಷ್ಟು ಎಂದು ಬೆಳಿಗ್ಗೆ, ರಾತ್ರಿ ಬರೆಯಲು ಕ್ಲಿನಿಕ್ಕಿನವರು ಹಾಳೆ ಕೊಟ್ಟಿದ್ದಾರೆ. ಆರು, ಐದು, ಆರು, ಏಳು. ಅಂಕ ಹಾಕಲು ಕಿವಿಗೊಡಬೇಕು, ಕಿವಿಗೊಟ್ಟರೆ ಅದು ದೊಡ್ಡದಾಗುತ್ತದೆ. 1953ರಲ್ಲಿ ಹೆಲ್ಲರ್, ಬರ್ಗ್‌ಮನ್ ಎಂಬಿಬ್ಬರು ಕಿವಿ ಸರಿಯಿದ್ದ 80 ಮಂದಿಯನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಏನು ಕೇಳಿತು ಎಂದು ಕೇಳಿದಾಗ ನೂರಕ್ಕೆ 94 ಮಂದಿ ಏನೋ ಒಂದು ಸದ್ದು ಕೇಳಿತು ಎಂದರಂತೆ. ನನ್ನ ಹಾಳೆಯೂ ಅಂಥ ಕೋಣೆಯೇ. ಇವತ್ತಿನಿಂದ ಅಂಕ ಬರೆಯುವುದಿಲ್ಲ.

ಡಾಕ್ಟರ ಗೋಡೆಯ ಮೇಲೆ ಕೋಟ್ನಿಸರ ಪಟ. ಸೊಲ್ಲಾಪುರದವರು, 1938ರಲ್ಲಿ ವೈದ್ಯರ ತಂಡದೊಂದಿಗೆ ಚೀನಾಕ್ಕೆ ಹೋಗಿ ಅಲ್ಲಿಯೇ 1942ರಲ್ಲಿ ತೀರಿಕೊಂಡರು. ಆದರೆ ಅವರು ಶಸ್ತ್ರವೈದ್ಯರು. ಸೂಜಿ ಕಲಿತು ಕಲ್ಕತ್ತೆಗೆ ತಂದದ್ದು ಅದೇ ತಂಡದ ಬಿ. ಕೆ. ಬಸು. ಪಟ ಅವರದ್ದಿರಬೇಕಿತ್ತು ಎಂದೆ. ಹುಡುಗಿ ಬರೆದುಕೊಂಡಳು.

ಜುಲೈ 20, ಭಾನುವಾರ

ಆಷಾಢದ ತಾಳಮದ್ದಳೆ. ಮೊದಲ ಸಲ ಕಿವಿಗೆ ಪ್ಲಗ್ ಇಟ್ಟು ಚೆಂಡೆಗೆ ಕೂತೆ. ಅರ್ಥಧಾರಿಗಳ ಮಾತು ಅರ್ಧ ಹೋಯಿತು, ನಷ್ಟವೇನಿಲ್ಲ. ಭಾಗವತರಿಗೆ ಸಿಟ್ಟು: “ಎಂತ ಮಾರಾಯ್ರೆ, ನನ್ನ ಪದ್ಯ ಕೇಳಬಾರದು ಅಂತವಾ?”

ಜುಲೈ 24, ಗುರುವಾರ

ಉಡುಪಿಯಲ್ಲಿ ಹೇಳಿಯೇ ಬಿಟ್ಟೆ. ಕಿವಿಯ ಮುಂದಿನ ಸೂಜಿಗಳು ಇನ್ನು ಬೇಡ, ಸದ್ದು ಇದ್ದಲ್ಲೇ ಇದೆ. ಕತ್ತಿನವು ಇರಲಿ, ನಿದ್ದೆ ಬರುತ್ತದೆ. ಬೇಸರ ಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. “ಆಯ್ತು ಮಾಷ್ಟ್ರೇ, ಮಣಿಪಾಲದವರು ಹೇಳಿದ ಯಂತ್ರವನ್ನೂ ಹಾಕಿ ನೋಡಿ, ಮುಂದೂಡಬೇಡಿ” ಎಂದಳು. ಬಿಲ್ಲಿನಲ್ಲಿ ಮಾತ್ರ ಒಂದು ರೂಪಾಯಿಯೂ ಇಳಿಯಲಿಲ್ಲ. ಸೋಮವಾರ ಯಂತ್ರದ ಪರೀಕ್ಷೆಗೆ ಹೋಗುವುದು.