ಕರಿಮದ್ದಿನ ರಿವಾಲ್ವರ್ ಮತ್ತು ಒಂದು ಚಮಚ ರವೆ

ಕೌಬಾಯ್ ಸಿನಿಮಾ ನೋಡಿ ರಿವಾಲ್ವರ್ ಅಂದ್ರೆ ಇಷ್ಟೇ ಅಂತ ತಿಳ್ಕೊಂಡವರಿಗೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇವೆ. ಅಮೆರಿಕದ ಅಂತರ್ಯುದ್ಧದ ಕಾಲದ, ಅಂದರೆ 1861ರಿಂದ 65ರ ಹೊತ್ತಿನ ರಿವಾಲ್ವರ್ ತುಂಬಲು ಐದು ನಿಮಿಷ ಬೇಕು, ಖಾಲಿ ಮಾಡೋಕೆ ಅರ್ಧ ನಿಮಿಷ, ತೊಳೆಯೋಕೆ ಒಂದು ಗಂಟೆ. ಆ ಒಂದು ಗಂಟೆಯನ್ನು ಯಾವ ಸಿನಿಮಾದವರೂ ತೋರಿಸಿಲ್ಲ.

ನಾವು ಮೂವರು ಇದೇ ಕಾಲೇಜಿನ ಮೆಕ್ಯಾನಿಕಲ್‌ನವರು, ಈಗ ಒಹಾಯೋದಲ್ಲಿ ಎಂಎಸ್ ಮಾಡ್ತಾ ಇದ್ದೇವೆ. ನಮ್ಮ ಮನೆ ಮಾಲೀಕರು ರಿಟೈರ್ಡ್ ಮೆಷಿನಿಸ್ಟ್, ವಯಸ್ಸು ಎಪ್ಪತ್ತು ದಾಟಿದೆ. ಅವರ ಹತ್ತಿರ ಇಟಲಿಯಲ್ಲಿ ಮಾಡಿದ ರೆಮಿಂಗ್ಟನ್ ರಿವಾಲ್ವರ್‌ನ ನಕಲು ಒಂದಿದೆ. ಎಲ್ಲರೂ ಅದನ್ನ '1858' ಅಂತಾರೆ. ಅದು ನಳಿಗೆಯ ಮೇಲೆ ಕೊರೆದ ಪೇಟೆಂಟ್ ವರ್ಷ ಅಷ್ಟೇ, ಆ ಮಾಡೆಲ್ ತಯಾರಾಗಿದ್ದು 1863ರಿಂದ ಮುಂದೆ. ನಾವು ವೀಸಾದ ಮೇಲೆ ಇರೋರು, ಕಾನೂನಿನ ತಂಟೆ ಯಾಕೆ ಅಂತ ಟ್ರಿಗರ್ ಮುಟ್ಟಲಿಲ್ಲ. ಅವರು ತುಂಬುವುದನ್ನ, ಹೊಡೆಯುವುದನ್ನ ನೋಡಿದೆವು. ತೊಳೆಯುವ ಕೆಲಸ ನಮ್ಮ ಪಾಲಿಗೆ ಬಂತು. (ಮೆಷಿನ್ ಶಾಪ್‌ನಲ್ಲಿ ಫಸ್ಟ್ ಇಯರ್‌ನವರಿಗೆ ಏನು ಸಿಗುತ್ತೋ ಅದೇ.)

ಇದಕ್ಕೆ ತೋಟಾ ಇಲ್ಲ. ಈಗಿನ ತೋಟಾದ ಒಳಗೆ ಗುಂಡು, ಮದ್ದು, ಕೇಪು ಎಲ್ಲ ಫ್ಯಾಕ್ಟರಿಯಲ್ಲೇ ಕೂತಿರುತ್ತೆ. ಇಲ್ಲಿ ಆ ಫ್ಯಾಕ್ಟರಿ ಕೆಲಸವನ್ನ ಪ್ರತಿ ಸಲವೂ ನೀವೇ ಮಾಡಬೇಕು. ಮೊದಲು ಖಾಲಿ ಸಿಲಿಂಡರ್‌ನ ಆರೂ ನಿಪ್ಪಲ್‌ಗಳಿಗೆ ಬರೀ ಕೇಪು ಹಾಕಿ ಚಟಪಟ ಹೊಡೆದುಬಿಡ್ತಾರೆ. ರಂಧ್ರದಲ್ಲಿ ಎಣ್ಣೆ ಉಳಿದಿದ್ರೆ ಸುಟ್ಟುಹೋಗಲಿ ಅಂತ. ನಳಿಗೆಯ ಬಾಯಿಯನ್ನ ಹುಲ್ಲಿನ ಎಸಳಿನ ಹತ್ತಿರ ಹಿಡಿದಾಗ ಎಸಳು ಅಲ್ಲಾಡಿದರೆ ದಾರಿ ಕ್ಲಿಯರ್.

ಆಮೇಲೆ ಮದ್ದು. .44 ರಿವಾಲ್ವರ್‌ನ ಒಂದು ಕೋಣೆಗೆ 25ರಿಂದ 30 ಗ್ರೇನ್, ಅಂದರೆ ಎರಡು ಗ್ರಾಂಗಿಂತ ಸ್ವಲ್ಪ ಕಡಿಮೆ. ಅದನ್ನ ಹಿತ್ತಾಳೆಯ ಪುಟ್ಟ ಅಳತೆಗೆ ಸುರಿದು, ಅಲ್ಲಿಂದ ಕೋಣೆಗೆ. ಮದ್ದಿನ ಡಬ್ಬಿಯಿಂದ ನೇರ ಸುರಿಯೋದೇ ಇಲ್ಲ. ಕೋಣೆಯಲ್ಲಿ ಎಲ್ಲೋ ಒಂದು ಕಿಡಿ ಉಳಿದಿದ್ರೆ ಅಳತೆಯಲ್ಲಿರೋ ಎರಡು ಗ್ರಾಂ ಹೊತ್ತಿಕೊಳ್ಳಲಿ, ಕೈಯಲ್ಲಿರೋ ಡಬ್ಬಿ ಅಲ್ಲ. ಮದ್ದು ಕರಿಮದ್ದೇ ಆಗಿರಬೇಕು. ಈಗಿನ ಹೊಗೆರಹಿತ ಪುಡಿ ಹಾಕಿದ್ರೆ ಒತ್ತಡ ಈ ಸಿಲಿಂಡರ್ ತಡೆಯೋ ಮಟ್ಟವನ್ನ ದಾಟಿ ಹೋಗುತ್ತೆ. ಅವರ ವರ್ಕ್‌ಬೆಂಚಿನ ಮೇಲೆ ಕಾಗದ ಹಾರದಿರಲಿ ಅಂತ ಇಟ್ಟಿರೋದು ಹಾಗೆ ಸೀಳಿಹೋದ ಒಂದು ಸಿಲಿಂಡರ್. ಯಾರದ್ದು ಅಂತ ಕೇಳಿದ್ವಿ. ಅವರು ಉತ್ತರ ಕೊಡಲಿಲ್ಲ, ತಮ್ಮ ಎಡಗೈಯ ಬೆರಳುಗಳನ್ನ ಮಡಚಿ ಎರಡು ಮಾತ್ರ ಬಿಟ್ಟು ತೋರಿಸಿದರು. ಅದು ಆ ಮನುಷ್ಯನ ಕೈಯ ಲೆಕ್ಕ.

ಇನ್ನು ರವೆ. ಗುಂಡು ಮದ್ದಿನ ಮೇಲೆ ಗಟ್ಟಿಯಾಗಿ ಕೂರಬೇಕು, ನಡುವೆ ಗಾಳಿ ಇರಕೂಡದು. ಮದ್ದು ಕಡಿಮೆ ಹಾಕಿದಾಗ ಗುಂಡು ಕೋಣೆಯ ತಳಕ್ಕೆ ಇಳಿದುಬಿಡುತ್ತೆ, ನಳಿಗೆ ಸೇರೋಕೆ ದೂರ ಹಾರಬೇಕು, ಗುರಿ ಕೆಡುತ್ತೆ. ಹಾಗಾಗಿ ಜಾಗ ತುಂಬೋಕೆ ಇಲ್ಲಿನವರು ಬೆಳಗಿನ ತಿಂಡಿಗೆ ಗಂಜಿ ಮಾಡೋ 'ಕ್ರೀಮ್ ಆಫ್ ವೀಟ್' ಹಾಕ್ತಾರೆ. ಡಬ್ಬಿ ತೆಗೆದು ನೋಡಿದರೆ ನಮ್ಮ ರವೆ! ಉಪ್ಪಿಟ್ಟಿನ ರವೆಗೆ ಇಂಥ ಗೌರವ ಸಿಕ್ಕಿದ್ದು ನೋಡಿ ನಮಗೆ ಸಣ್ಣ ಹೆಮ್ಮೆ ಆಗಿದ್ದು ಸುಳ್ಳಲ್ಲ.

ಸೀಸದ ಗುಂಡು ಕೋಣೆಗಿಂತ ಒಂದು ಕೂದಲು ದಪ್ಪ ಇರುತ್ತೆ. ನಳಿಗೆಯ ಕೆಳಗಿನ ಸನ್ನೆಕೋಲು ಎಳೆದು ಒತ್ತಿದಾಗ ಅಂಚಿನಿಂದ ಸೀಸದ ತೆಳ್ಳನೆ ಉಂಗುರ ಕತ್ತರಿಸಿ ಹೊರಗೆ ಬರಬೇಕು. ಇಂಟರ್‌ಫಿಯರೆನ್ಸ್ ಫಿಟ್ ಅಂತ ಎಕ್ಸಾಮಲ್ಲಿ ಬರೆದದ್ದು ಇಲ್ಲಿ ಕಣ್ಣಿಗೆ ಕಾಣುತ್ತೆ. ಉಂಗುರ ಬರದಿದ್ರೆ ಗುಂಡು ಸಡಿಲ ಅಂತ ಅರ್ಥ. ಆಗ ಒಂದು ಕೋಣೆಯ ಬೆಂಕಿ ಪಕ್ಕದ ಕೋಣೆಗೆ ನುಗ್ಗಿ ಎರಡು ಮೂರು ಒಟ್ಟಿಗೆ ಹೊತ್ತಿಕೊಳ್ಳಬಹುದು. ಇದಕ್ಕೇ 'ಚೈನ್ ಫೈರ್' ಅನ್ನೋದು. ಅದು ಆಗದಿರಲಿ ಅಂತ, ಜೊತೆಗೆ ಮಸಿ ಒಣಗಿ ಗಟ್ಟಿಯಾಗದಿರಲಿ ಅಂತ, ಗುಂಡಿನ ಮೇಲೆ ಜೇನುಮೇಣ ಕಲಸಿದ ಕೊಬ್ಬು ಹಚ್ಚುತ್ತಾರೆ. ಕೇಪು ಹಾಕೋದು ಕಟ್ಟಕಡೆಗೆ, ನಳಿಗೆ ಗುರಿಯ ಕಡೆಗೇ ತಿರುಗಿರುವಾಗ. ಅದೂ ಐದು ಕೋಣೆಗೆ ಮಾತ್ರ. ಆರನೆಯದು ಖಾಲಿ, ಅದರ ಮೇಲೆ ಕುದುರೆ ಇಳಿಸಿ ಇಡ್ತಾರೆ. (ಕುದುರೆ ಅಂದರೆ ಹ್ಯಾಮರ್. ನಮ್ಮಲ್ಲೊಬ್ಬ ಕೊಡಗಿನವನು, ಈ ಮಾತು ಅವನದ್ದು.) ಕೇಪು ಹೊಡೆದೂ ಗುಂಡು ಹೋಗದಿದ್ರೆ ಒಂದು ನಿಮಿಷ ಹಾಗೇ ಹಿಡಿದು ನಿಲ್ಲಬೇಕು, ತಿರುಗಿಸಿ ನೋಡಬಾರದು.

ಹೊಡೆದಾಗ ಏನಾಯ್ತು ಅಂತ ಜಾಸ್ತಿ ಹೇಳೋಕೆ ಏನೂ ಇಲ್ಲ. ಢಮ್ ಅಂತು, ಬಿಳಿ ಹೊಗೆ ಎದ್ದಿತು, ಗುರಿಯೇ ಕಾಣಲಿಲ್ಲ.

ನಿಜವಾದ ಕೆಲಸ ಆಮೇಲೆ. ಕರಿಮದ್ದು ಉರಿದರೆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಘನವಸ್ತುವಾಗಿಯೇ ಉಳಿಯುತ್ತೆ, ಮುಖ್ಯವಾಗಿ ಪೊಟ್ಯಾಸಿಯಮ್‌ನ ಲವಣಗಳು. ಒಂದಿಷ್ಟು ಹೊಗೆಯಾಗಿ ಹೋಗುತ್ತೆ, ಉಳಿದದ್ದು ಕಬ್ಬಿಣಕ್ಕೆ ಅಂಟಿ ಕೂತು ಗಾಳಿಯ ತೇವ ಹೀರುತ್ತೆ. ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಕೆಂಪು. ಪೆಟ್ರೋಲಿಯಂ ಎಣ್ಣೆ ಹಾಕಿ ಒರೆಸ್ತೀವಿ ಅಂದ್ರೆ ಮಸಿ ಡಾಂಬರಿನ ಹಾಗೆ ಆಗುತ್ತೆ. ಉಪ್ಪನ್ನ ಕರಗಿಸೋದು ನೀರು. ಬಂದೂಕಿಗೆ ನೀರು ಹಾಕೋದಾ ಅಂತ ನಮಗೂ ಅನ್ನಿಸಿತ್ತು. ಮಾಲೀಕರು ಸಿಲಿಂಡರ್, ನಿಪ್ಪಲ್ ಎಲ್ಲ ಬಿಚ್ಚಿ ಬಿಸಿ ಸೋಪಿನ ನೀರಿನ ಬಕೆಟ್ಟಿಗೆ ಹಾಕಿ ಎದ್ದುಹೋದರು. ಕೊಳೆತ ಮೊಟ್ಟೆಯ ವಾಸನೆ ಎದ್ದಿತು, ಗಂಧಕ. ಬ್ರಶ್, ಬಟ್ಟೆ ತುಂಡು, ಮತ್ತೆ ಬಿಸಿನೀರು. ಬಟ್ಟೆ ಬೆಳ್ಳಗೆ ಬರೋ ತನಕ. ಒಲೆಯ ಶಾಖದಲ್ಲಿ ಪೂರ್ತಿ ಒಣಗಿದ ಮೇಲೆ ಎಣ್ಣೆಯ ತೆಳು ಲೇಪ, ನಿಪ್ಪಲ್ ಮರೆಗಳಿಗೆ ಸ್ವಲ್ಪ ಗ್ರೀಸ್. ಮರುದಿನ ಇನ್ನೊಂದು ಸಲ ಬಟ್ಟೆ ಹಾಕಿ ನೋಡಬೇಕು, ಕಂದು ಬಣ್ಣ ಬಂದ್ರೆ ಮತ್ತೆ ಮೊದಲಿಂದ.

ಬಕೆಟ್ ಮುಂದೆ ಕೂತು ಉಜ್ಜುವಾಗ ಕೊಡಗಿನವನು ಸುಮ್ಮನಾಗಿದ್ದ. ಅವರ ಐನ್‌ಮನೆಯಲ್ಲಿ ಅಜ್ಜನ ಒಂಟಿ ನಳಿಗೆಯ ಕೇಪಿನ ಕೋವಿ ಇದೆ. ಉಳಿದ ಕಡೆ ಇಂಥದ್ದಕ್ಕೂ ಲೈಸೆನ್ಸ್ ಬೇಕು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ, 2021ರಲ್ಲಿ ನಮ್ಮ ಹೈಕೋರ್ಟೂ ಅದನ್ನ ಎತ್ತಿಹಿಡಿಯಿತು. ಅಜ್ಜ ಕೋವಿ ತೊಳೆಯದೆ ಊಟಕ್ಕೆ ಕೂರ್ತಿರಲಿಲ್ಲವಂತೆ. ಅಜ್ಜ ಹೋಗಿ ಎರಡು ವರ್ಷ, ಅಪ್ಪ ಇರೋದು ಬೆಂಗಳೂರಲ್ಲಿ. ಕೋವಿ ಗೋಡೆಯ ಮೇಲೇ ಇತ್ತು.

ಕೈಲ್ ಮುಹೂರ್ತಕ್ಕೆ ಅಪ್ಪ ಊರಿಗೆ ಹೋಗೋದು ಗೊತ್ತಾಗಿ ಇವನು ಫೋನ್ ಮಾಡಿದ. ತೊಳೆಯೋದು ಹೇಗೆ ಅಂತ ಹೇಳೋಕೆ. ಪಕ್ಕದಲ್ಲಿದ್ದ ಮಾಲೀಕರು ತಡೆದು, ಮೊದಲು ಒಳಗೆ ಏನಾದ್ರೂ ಇದೆಯಾ ನೋಡೋಕೆ ಹೇಳು ಅಂದರು. ಮದ್ದು ಇಡಿಯುವ ಉದ್ದ ಕಡ್ಡಿಯನ್ನ ನಳಿಗೆಗೆ ಇಳಿಸಿ, ಬಾಯಿ ಹತ್ತಿರ ಗುರುತು ಮಾಡಿ, ಹೊರಗೆ ತೆಗೆದು ನಳಿಗೆಯ ಪಕ್ಕ ಅದೇ ಗುರುತಿಗೆ ಹಿಡಿಯಬೇಕು. ಖಾಲಿ ಇದ್ರೆ ತುದಿ ನಿಪ್ಪಲ್ ತನಕ ಬರುತ್ತೆ. ಕಡ್ಡಿ ಇಳಿಸುವಾಗ ಮುಖ, ಎದೆ ಬಾಯಿಗೆ ಅಡ್ಡ ಬರಬಾರದು, ನಿಪ್ಪಲ್ ಮೇಲೆ ಕೇಪು ಇಲ್ಲ ಅಂತ ಮೊದಲೇ ನೋಡ್ಕೊಂಡಿರಬೇಕು.

"ಅಪ್ಪಾ, ಎಲ್ಲಿ ತನಕ ಬಂತು?"

"ನಾಲ್ಕು ಬೆರಳು ಕಮ್ಮಿ ಇದೆ ಮಗಾ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಪ್ಪನೇ ಅಂದರು, "ಆ ವರ್ಷ ಗದ್ದೆಗೆ ಹಂದಿ ಬರ್ತಿತ್ತು. ಕಾದು ಕೂತಿದ್ರೇನೋ."

ಎರಡು ವರ್ಷ ಮನೆಗೆ ಬಂದ ಮಕ್ಕಳೆಲ್ಲ ಆ ಕೋವಿ ಹಿಡಿದು ಫೋಟೋ ತೆಗೆಸಿಕೊಂಡಿದ್ದರು.

ಮುಂದಿನದ್ದನ್ನ ಅಪ್ಪ ಮಾಡಲಿಲ್ಲ, ನಾವೂ ಫೋನಲ್ಲಿ ಹೇಳಿಕೊಡಲಿಲ್ಲ. ಅವರ ಒಕ್ಕದಲ್ಲೇ ಕೋವಿ ಗೊತ್ತಿರೋ ಹಿರಿಯರೊಬ್ಬರು ಬಂದು ನಳಿಗೆಗೆ ನೀರು ಬಿಟ್ಟು ಎರಡು ದಿನ ನೆನೆಸಿ, ಕಡ್ಡಿಯ ತುದಿಗೆ ತಿರುಪು ಹಾಕಿ ಒಳಗಿದ್ದದ್ದನ್ನ ಎಳೆದರು. ತೆಂಗಿನ ನಾರು, ಒಂದು ಹಿಡಿ ಚರೆ, ಕೊನೆಗೆ ಕರಿ ಕೆಸರು. ಬಿಸಿನೀರಲ್ಲಿ ತೊಳೆದು ಟಾರ್ಚ್ ಬಿಟ್ಟು ತೆಗೆದ ಫೋಟೋ ನಮಗೆ ಬಂತು. ಮದ್ದು ಕೂತಿದ್ದ ಎರಡು ಇಂಚಿನಲ್ಲಿ ಲೋಹ ಗುಳಿ ಗುಳಿಯಾಗಿತ್ತು. ಮಾಲೀಕರು ನೋಡಿ ಇದರಲ್ಲಿ ಇನ್ನು ಹೊಡೆಯೋದು ಬೇಡ ಅಂದರು.

ಹಬ್ಬದ ದಿನ ಕೋವಿಗೆ ತೋಕ್ ಪೂ ಇಟ್ಟು ಪೂಜೆ ಮಾಡಿದ್ದಾರೆ, ಹಾರಿಸಿಲ್ಲ. ನಿಪ್ಪಲ್ ಮಾತ್ರ ಇನ್ನೂ ಬಿಚ್ಚೋಕೆ ಬಂದಿಲ್ಲ. ಅಪ್ಪ ಊರಿಗೆ ಹೋದಾಗೆಲ್ಲ ಅದಕ್ಕೆ ಎರಡು ಹನಿ ಎಣ್ಣೆ ಬಿಟ್ಟು ಬರ್ತಾರೆ.