ಬೇಡ ಅನ್ನೋಕೆ ಇನ್ನೊಂದು ಬಾಗಿಲು ಬೇಕು

ನಗರದಲ್ಲಿ ಕೂಲಿ ಯಾಕೆ ಜಾಸ್ತಿ ಅಂತ ಕೇಳಿದ್ರೆ ಎಲ್ಲರ ಹತ್ರ ಸಿದ್ಧ ಉತ್ತರ ಇದೆ: "ಅಲ್ಲಿ ಬಾಡಿಗೆ ಜಾಸ್ತಿ, ಖರ್ಚು ಜಾಸ್ತಿ." ಇದು ಅರ್ಧ ಸತ್ಯ ಗೆಳೆಯರೇ. ಕೂಲಿಯವನ ಬಾಡಿಗೆ ನೋಡಿ ಮರುಗಿ ಯಾವ ಮೇಸ್ತ್ರಿಯೂ ನೂರು ರೂಪಾಯಿ ಹೆಚ್ಚಿಗೆ ಕೊಡಲ್ಲ.

ಕೊಡೋಕೆ ಬೇರೆ ಕಾರಣಗಳಿವೆ. ಒಂದು, ಅದೇ ಎಂಟು ಗಂಟೆ ದುಡಿಮೆಯಿಂದ ನಗರದಲ್ಲಿ ಹೆಚ್ಚು ದುಡ್ಡು ಹುಟ್ಟುತ್ತೆ. ಗಾರೆಯವನು ಕಟ್ಟೋ ಒಂದೊಂದು ಚದರ ಅಡಿಗೂ ಬೆಂಗಳೂರಲ್ಲಿ ಸಾವಿರಗಟ್ಟಲೆ ಬೆಲೆ. ಇನ್ನೊಂದು, ಬೆಳಿಗ್ಗೆ ಕೂಲಿ ಅಡ್ಡೆಯಲ್ಲಿ ನಿಂತವನಿಗೆ ಒಬ್ಬ ಮೇಸ್ತ್ರಿ ಕಡಿಮೆ ಹೇಳಿದ್ರೆ ಇನ್ನೊಬ್ಬ ಬರ್ತಾನೆ. "ಬರಲ್ಲ ಹೋಗಪ್ಪ" ಅನ್ನೋ ಬಲ ಇದೆಯಲ್ಲ, ಕೂಲಿ ಏರೋದು ಅದರಿಂದ.

ನಮ್ಮಪ್ಪ ದುಡಿದ ಊರಲ್ಲಿ ನೀರಾವರಿ ಜಮೀನೆಲ್ಲ ನಾಲ್ಕು ಮನೆಯವರದ್ದು. ನಾಲ್ವರೂ ನೆಂಟರು. ಕೂಲಿ ಎಷ್ಟು ಅನ್ನೋದು ಅವರ ಜಗಲಿಯಲ್ಲೇ ತೀರ್ಮಾನ. ಮದುವೆಗೆ, ಆಸ್ಪತ್ರೆಗೆ ಸಾಲ ಕೊಟ್ಟೋರೂ ಅವರೇ. ಸಾಲ ಹೊತ್ತವನಿಗೆ "ಈ ಕೂಲಿಗೆ ಬರಲ್ಲ" ಅನ್ನೋಕೆ ಬಾಯಿ ಎಲ್ಲಿಂದ ಬರಬೇಕು? ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ನಮ್ಮ ಕೇರಿಗೆ ಅದರ ಸುದ್ದಿ ಕಾಲ್ನಡಿಗೆಯಲ್ಲಿ ಬಂತು.

1948ರ ನವೆಂಬರ್ 4ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ, ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನೇ ಘಟಕವಾಗಿ ತಗೊಂಡದ್ದು ಸಂತೋಷ ಅಂದ್ರು. ಯಾಕಂದ್ರು ಅನ್ನೋದು ಆ ಜಗಲಿ ನೋಡಿದವರಿಗೆ ಗೊತ್ತು.

ಉದ್ಯೋಗ ಖಾತ್ರಿ ಬಂದಾಗ ಜಮೀನಿನವರು "ಆಳು ಸಿಗಲ್ಲ" ಅಂತ ಗೊಣಗಿದ್ದೂ ಇದಕ್ಕೇ. 2024-25ರಲ್ಲಿ ಕರ್ನಾಟಕದಲ್ಲಿ ಅದರ ದಿನಗೂಲಿ 349 ರೂಪಾಯಿ. ದೊಡ್ಡ ಮೊತ್ತ ಅಲ್ಲ. ಆದ್ರೆ ಹೆಣ್ಣಿಗೂ ಗಂಡಿಗೂ ಒಂದೇ ದರ, ಊರಲ್ಲೇ ಇನ್ನೊಂದು ಬಾಗಿಲು.

ನಗರ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಬಾಡಿಗೆ ಮನೆ ಕೇಳೋಕೆ ಹೋದ್ರೆ ಜಾತಿ ಕೇಳ್ತಾರೆ. 2013ರ ಕಾಯ್ದೆ ಇದ್ರೂ ಮ್ಯಾನ್‌ಹೋಲಿಗೆ ಇಳಿದು ಸಾಯೋರು ಹೆಚ್ಚಾಗಿ ನಮ್ಮವರೇ. ಜಾತಿ ನೋಡಿ ಹಂಚಿದ ಕೆಲಸದಲ್ಲಿ ನಗರದಲ್ಲೂ ಇನ್ನೊಂದು ಬಾಗಿಲು ತೆರೆಯಲ್ಲ.

ಹಾಗಾಗಿ ಹೋರಾಟ ಬರೀ ಕೂಲಿ ದರದ್ದಲ್ಲ, ಭೂಮಿಯದ್ದು. ಎರಡೆಕರೆ ಸ್ವಂತದ್ದಿದ್ರೆ, ಕೂಲಿ ಸರಿಯಿಲ್ಲ ಅಂದವನು ತನ್ನ ಹೊಲಕ್ಕೆ ಹೋಗಬಹುದು. ರಾತ್ರಿಯ ಹಿಟ್ಟಿಗೆ ದಾರಿ ಇಲ್ಲದವನು ಎಲ್ಲಿಗೆ ಹೋಗಬೇಕು? ಬಸ್ ಹತ್ತಬೇಕು. ನಮ್ಮ ಮಕ್ಕಳು ಬೆಂಗಳೂರಿಗೆ ಬರಲಿ, ಬೇಡ ಅನ್ನಲ್ಲ. ಆದ್ರೆ ಬೇರೆ ದಾರಿ ಇಲ್ಲ ಅಂತ ಬರಬಾರದು.

ಜೈ ಭೀಮ್.