ಎದ್ದರೆ ಗಣಕ, ಮಲಗಿದರೆ ಹಲಗೆ

ಒಂದು ವಸ್ತುವಿನಿಂದ ಎರಡು ಕೆಲಸವಾಗುತ್ತದೆಂದು ಅಂಗಡಿಯವನು ಹೇಳಿದರೆ ಸಾಕು, ಮಧ್ಯಮವರ್ಗದ ಗೃಹಸ್ಥನ ಕೈ ತಾನಾಗಿಯೇ ಜೇಬಿನ ಕಡೆಗೆ ಹೋಗುತ್ತದೆ. ಹಗಲು ಕೂರುವುದಕ್ಕೂ ರಾತ್ರಿ ಮಲಗುವುದಕ್ಕೂ ಒದಗುವ ಸೋಫಾ ಕಂಡರೆ ಅವನಿಗಾಗುವ ಸಂತೋಷ ಅಷ್ಟಿಷ್ಟಲ್ಲ. ಕೂರಲು ಕೊಂಚ ಎತ್ತರ, ಮಲಗಲು ಕೊಂಚ ಕಿರಿದು ಎಂಬುದು ತಿಳಿಯುವುದು ಅನಂತರ. ಬೆಂಗಳೂರು ಬಸವನಗುಡಿಯ ರಾಯರು 2013ರಲ್ಲಿ ಇಂಥದೇ ಜಾತಿಯ ಗಣಕಯಂತ್ರವೊಂದನ್ನು ಮನೆಗೆ ತಂದರು. ನಿಲ್ಲಿಸಿದರೆ ಮೇಜಿನ ಕಂಪ್ಯೂಟರು. ಕೀಲಿಮಣೆ, ಮೌಸುಗಳನ್ನು ಬದಿಗಿರಿಸಿ ಅಂಗಾತ ಮಲಗಿಸಿದರೆ ಬೆರಳಿನಿಂದಲೇ ನಡೆಸಬಹುದಾದ ಟ್ಯಾಬ್ಲೆಟ್ಟು.

ಅದು ಆ ಕಾಲದ ಒಂದು ವಿಶೇಷ ಸೃಷ್ಟಿ. ಮೈಕ್ರೋಸಾಫ್ಟ್ ಸಂಸ್ಥೆಯವರು 2012ರ ಅಕ್ಟೋಬರಿನಲ್ಲಿ ವಿಂಡೋಸ್ 8 ಅನ್ನು ಮೌಸಿಗೂ ಬೆರಳಿಗೂ ಒಗ್ಗುವಂತೆ ರಚಿಸಿ ಹೊರತಂದಾಗ, ಯಂತ್ರ ತಯಾರಕರಿಗೆಲ್ಲ ಒಂದು ಹುರುಪು ಹುಟ್ಟಿತು. ಸೋನಿಯವರ ವಯೊ ಟ್ಯಾಪ್ 20 ಆ ವರ್ಷವೇ ಬಂದಿತು. ಲೆನೊವೊದವರು ಮರುವರ್ಷ 27 ಅಂಗುಲದ್ದನ್ನು ತಂದು, ಮನೆಮಂದಿಯೆಲ್ಲ ಪಗಡೆಗೆ ಕುಳಿತಂತೆ ಅದರ ಸುತ್ತ ಕುಳಿತು ಆಡಬಹುದೆಂದು ಸಾರಿದರು. ಆಸುಸ್‌ನವರ ಯಂತ್ರವೊಂದರಲ್ಲಂತೂ ವಿಂಡೋಸ್, ಆಂಡ್ರಾಯ್ಡ್ ಎರಡೂ ಒಂದೇ ದೇಹದಲ್ಲಿ ನೆಲೆಸಿದ್ದವು. ಅರ್ಧನಾರೀಶ್ವರನ ಅವತಾರವೆಂದರೂ ಸಲ್ಲುತ್ತದೆ.

ರಾಯರದು 20 ಅಂಗುಲದ ಪರದೆ. ಹಿಂಬದಿಯಲ್ಲಿ ಮಡಿಸುವ ಕಾಲು, ಒಳಗೆ ಬ್ಯಾಟರಿ. ತೂಕ ಐದು ಕಿಲೋಗ್ರಾಮಿಗೆ ಮೇಲೆ. “ಮನೆಯ ಯಾವ ಮೂಲೆಗಾದರೂ ಒಯ್ಯಬಹುದು” ಎಂದು ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ಒಂದು ಸಾಧಾರಣ ಹಲಸಿನ ಹಣ್ಣನ್ನೂ ಮನೆಯ ಯಾವ ಮೂಲೆಗಾದರೂ ಒಯ್ಯಬಹುದಷ್ಟೆ. ಒಯ್ದ ಮೇಲೆ ತೊಡೆಯ ಮೇಲಿಟ್ಟುಕೊಂಡು ಕೂರುವ ಬಯಕೆ ಮಾತ್ರ ಉಳಿಯದು.

ರಾಯರು ತೆರಿಗೆ ಸಲಹೆಗಾರರು. ಯಂತ್ರವನ್ನು ನೆಟ್ಟಗೆ ನಿಲ್ಲಿಸಿಕೊಂಡು ಲೆಕ್ಕ ಬರೆಯುವುದು ಅವರ ಪದ್ಧತಿ. ಗಾಜಿನ ಮೇಲೆ ಮೂಡುವ ಕೀಲಿಗಳಲ್ಲಿಯೂ ಬೆರಳಚ್ಚು ಮಾಡಿ ನೋಡಿದರು. ಮಾಮೂಲು ಕೀಲಿಮಣೆಯಲ್ಲಿ ಎಫ್ ಮತ್ತು ಜೆ ಕೀಲಿಗಳ ಮೇಲೆ ಒಂದು ಸಣ್ಣ ಉಬ್ಬಿರುತ್ತದೆ. ಕುರುಡಾದ ಬೆರಳಿಗೆ ಅದೇ ಊರುಗೋಲು. ಗಾಜಿನಲ್ಲಿ ಅಂಥದೇನೂ ಇಲ್ಲವಾಗಿ, ಮೂವತ್ತು ವರ್ಷ ನೋಡದೆ ಟೈಪು ಮಾಡಿದ ರಾಯರು ಇಣುಕಿ ಇಣುಕಿ ಒತ್ತಬೇಕಾಯಿತು. ಲೆಕ್ಕದಲ್ಲಿ ಒಂದು ಸೊನ್ನೆ ಹೆಚ್ಚಾಗಿ ಕಕ್ಷಿಗಾರನೊಬ್ಬ ಒಂದು ಸಂಜೆಯ ಮಟ್ಟಿಗೆ ಲಕ್ಷಾಧೀಶನಾದ. ಅಂದಿನಿಂದ ಯಂತ್ರ ಮಲಗುವುದೇ ಬೇಡವೆಂದು ರಾಯರು ತೀರ್ಮಾನಿಸಿದರು. ಅವರ ಪತ್ನಿ ಅಡುಗೆಮನೆಯಲ್ಲಿ ಅದನ್ನು ಒಮ್ಮೆ ಇಟ್ಟುಕೊಂಡರು. ತೊಳೆದ ಕೈಯ ನೀರಹನಿಗಳನ್ನೂ ಬೆರಳುಗಳೆಂದು ಬಗೆದು ಪರದೆ ಹುಚ್ಚುಹುಚ್ಚಾಗಿ ಕುಣಿಯಿತು.

ಹೀಗಿರುವಾಗ 2014ರ ಒಂದು ಭಾನುವಾರ, ಎಂಟನೆಯ ತರಗತಿಯ ಮಗ ತಂದೆಯಿಲ್ಲದ ಸಮಯ ನೋಡಿ ಯಂತ್ರವನ್ನು ನಡುಮನೆಯ ತಗ್ಗು ಮೇಜಿನ ಮೇಲೆ ಮಲಗಿಸಿದ. ಅವನ ಶಾಲೆಯ ಚಿತ್ರ ವಾರಪತ್ರಿಕೆಯಲ್ಲಿ ಬಂದಿತ್ತು. ಆ ಪುಟದ ಫೋಟೋ ತೆಗೆದು ಪರದೆಗೆ ಹಾಕಿ, ಎರಡು ಬೆರಳಿನಿಂದ ಹಿಗ್ಗಿಸಿ ತನ್ನ ಮುಖವನ್ನು ಹುಡುಕುತ್ತಿದ್ದ. ಪಕ್ಕದ ಅಂಕಣದ ಅಕ್ಷರಗಳೂ ಬೆಳೆದು ಅಂಗೈಯಗಲವಾದುವು. ಮಗ್ಗುಲಲ್ಲಿ ಕುಳಿತಿದ್ದ ಅಜ್ಜಿ ಮೊಗವನ್ನು ಕೊಂಚ ಓರೆ ಮಾಡಿ, ಅಕ್ಷರ ಅಕ್ಷರವಾಗಿ ಓದಲು ತೊಡಗಿದರು. ಒಂದು ಸಾಲು ಮುಗಿಸಿ ಕೇಳಿದರು:

“ಪುಟ್ಟಾ, ಆ ಹುಡುಗಿ ಕಡೆಗೆ ತವರಿಗೆ ಹೋದಳೇನೋ?”

“ಯಾವ ಹುಡುಗಿ ಅಜ್ಜಿ?”

“ಅದೇ ಕಣೋ, ಧಾರಾವಾಹಿಯಲ್ಲಿ ಬರುತ್ತಿದ್ದಳಲ್ಲ, ಗಂಡ ಊರು ಬಿಟ್ಟು ಹೋದವಳು.”

ಅಡುಗೆಮನೆಯಲ್ಲಿ ಸೊಸೆಯ ಸೌಟು ನಿಂತಿತು. ಆ ಧಾರಾವಾಹಿ ಹಿಂದಿನ ದೀಪಾವಳಿಗೇ ಮುಗಿದಿತ್ತು. ವಾರ ವಾರವೂ ಪತ್ರಿಕೆ ಬಂದೊಡನೆ ಅಜ್ಜಿಯ ಕೈಗೇ ಮೊದಲು ಹೋಗುತ್ತಿತ್ತು. ಅವರು ಕಿಟಕಿಯ ಬಳಿ ಕುಳಿತು, ಬೆರಳನ್ನು ನಾಲಗೆಗೆ ತಾಗಿಸಿ ಒಂದೊಂದೇ ಪುಟ ಮಗುಚುತ್ತಿದ್ದುದನ್ನು ಎಲ್ಲರೂ ನೋಡಿದ್ದರು. ಅವರು ಓದುತ್ತಿದ್ದಾರೆಂದೇ ಎಲ್ಲರೂ ತಿಳಿದಿದ್ದರು.

ನೇತ್ರವೈದ್ಯರು ಪರೀಕ್ಷಿಸಿ, ವಯಸ್ಸಿನಿಂದ ಅಕ್ಷಿಪಟಲದ ನಡುಭಾಗ ಸವೆದಿದೆಯೆಂದರು. ನೇರವಾಗಿ ನೋಡಿದ್ದು ಮಸುಕು. ಅಂಚಿನ ದೃಷ್ಟಿ ಉಳಿದಿದೆ. ಕನ್ನಡಕ ಬದಲಿಸಿ ಪ್ರಯೋಜನವಿಲ್ಲ, ಅಕ್ಷರವೇ ದೊಡ್ಡದಾಗಬೇಕು. “ಏಕಮ್ಮಾ ಹೇಳಲಿಲ್ಲ?” ಎಂದು ರಾಯರು ಕೇಳಿದ್ದಕ್ಕೆ, “ನಿನಗೆ ಮಾರ್ಚಿ ತಿಂಗಳಾಗಿತ್ತಪ್ಪ” ಎಂದರು ತಾಯಿ. ಅದು ಯಾವ ವರ್ಷದ ಮಾರ್ಚಿ ತಿಂಗಳೆಂದು ಕೇಳುವ ಧೈರ್ಯ ರಾಯರಿಗೆ ಬರಲಿಲ್ಲ.

ಅಂದಿನಿಂದ ಆ ಹಲಸಿನ ಹಣ್ಣು ದಿನಕ್ಕೆರಡು ಬಾರಿ ನಡುಮನೆಗೂ ಕೋಣೆಗೂ ನಡುವೆ ಯಾತ್ರೆ ಮಾಡತೊಡಗಿತು. ಹೊತ್ತವರು ರಾಯರೇ. ಒಂದು ತೊಡಕು ಮಾತ್ರ ಇತ್ತು. ಇಂಥ ಪರದೆ ಬೆರಳನ್ನು ಗುರುತಿಸುವುದು ಚರ್ಮದ ವಿದ್ಯುದ್ವಾಹಕ ಗುಣದಿಂದ. ಮುದಿ ಬೆರಳು ಒಣಗಿರುವುದರಿಂದ ಎಷ್ಟೋ ಸಲ ಅದರ ಲೆಕ್ಕಕ್ಕೇ ಬಾರದು. ಅಜ್ಜಿ ಒತ್ತಿದರೂ ಪುಟ ಕದಲಲಿಲ್ಲ. ಅವರು ಬೇಸರಪಡದೆ ಹಳೆಯ ಅಭ್ಯಾಸದಂತೆ ಬೆರಳನ್ನು ನಾಲಗೆಗೆ ತಾಗಿಸಿ ಸರಿಸಿದರು. ಪುಟ ತಿರುಗಿತು. ಯಂತ್ರವನ್ನು ರೂಪಿಸಿದವರು ಈ ಉಪಾಯವನ್ನು ಯಾವ ಕೈಪಿಡಿಯಲ್ಲಿಯೂ ಬರೆದಿರಲಾರರು!

ಕಾಲ ಸುಮ್ಮನಿರಲಿಲ್ಲ. 2014ರಲ್ಲಿಯೇ ಸೋನಿಯವರು ಗಣಕದ ವ್ಯಾಪಾರವನ್ನೇ ಮಾರಿ ಕೈತೊಳೆದುಕೊಂಡರು. ಈ ಬಗೆಯ ದೊಡ್ಡ ಹಲಗೆಗಳ ಹುರುಪೂ ಕೆಲವೇ ವರ್ಷಗಳಲ್ಲಿ ಆರಿತು. ರಾಯರ ಯಂತ್ರದ ಬ್ಯಾಟರಿ ಮೊದಲು ಗಂಟೆಗೆ, ಅನಂತರ ಗಳಿಗೆಗೆ ಇಳಿದು, ಕೊನೆಗೆ ತಂತಿ ಕಿತ್ತೊಡನೆ ಕಣ್ಣುಮುಚ್ಚುವಂತಾಯಿತು. ಎಸ್.ಪಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದರೂ ಬದಲಿ ಸಿಗಲಿಲ್ಲ. ಎರಡು ಕೆಲಸದ ಯಂತ್ರಕ್ಕೆ ಒಂದೇ ಉಳಿಯಿತು. ರಾಯರು ತಮ್ಮ ಲೆಕ್ಕಗಳಿಗೆ ಬೇರೊಂದು ಲ್ಯಾಪ್‌ಟಾಪ್ ಕೊಂಡರು. ವಿಂಡೋಸ್ 8.1ರ ಪೋಷಣೆ 2023ರ ಜನವರಿಯಲ್ಲಿ ನಿಂತ ಮೇಲೆ ಅಂತರಜಾಲದ ಸಂಪರ್ಕವನ್ನೂ ಕಡಿದುಹಾಕಿದರು. ಈಗ ಉದ್ಯೋಗದಲ್ಲಿರುವ ಮೊಮ್ಮಗ ಶನಿವಾರ ಶನಿವಾರ ಪುಟಗಳನ್ನು ಪೆನ್‌ಡ್ರೈವಿನಲ್ಲಿ ತಂದು ತುಂಬುತ್ತಾನೆ.

ಅಜ್ಜಿಗೆ ಈಗ ಎಂಬತ್ತಾರು. ಕಣ್ಣಿನ ನಡುವಣ ಮಸುಕು ಹಬ್ಬಿದೆ. ಅಷ್ಟಗಲದ ಪರದೆಯಲ್ಲಿ ನಾಲ್ಕು ಮಾತು ಹಿಡಿಸಿದರೆ ಹೆಚ್ಚು. ಧಾರಾವಾಹಿಯ ಒಂದು ಕಂತಿಗೆ ಐದು ಸಂಜೆ. ಮೊನ್ನೆ ರಾಯರು ತಾಳಲಾರದೆ, “ನಾನು ಓದಿ ಹೇಳಲೇನಮ್ಮ? ಹತ್ತು ನಿಮಿಷದ ಕೆಲಸ” ಎಂದರು.

“ನೀನು ಓದಿಯಾಯಿತೇನು?”

“ಆಯಿತು.”

“ಸರಿ. ಮುಂದೇನಾಯಿತೆಂದು ಹೇಳಿಬಿಡಬೇಡ” ಎಂದ ಅಜ್ಜಿ, ಬೆರಳನ್ನು ನಾಲಗೆಗೆ ತಾಗಿಸಿದರು.